ಒಂದು ಗೇಣು ಈಚೆ

ನಮ್ಮ ವಾಚರಣ್ಣನ ಬಲಗೈ ಹೆಬ್ಬೆರಳು ಎಲ್ಲರ ಬೆರಳಿನ ಹಾಗಿರಲಿಲ್ಲ. ಯಾವ ಕಾಲದಲ್ಲೋ ಮರದ ದಿಮ್ಮಿಯಡಿ ಸಿಕ್ಕಿ ಬುಡ ಸಡಿಲವಾಗಿತ್ತು. ಕೈ ಬಿಡಿಸಿದರೆ ಆ ಬೆರಳು ಪೂರ್ತಿ ಹೊರಕ್ಕೆ ವಾಲುತ್ತಿತ್ತು. ಹಾಗಾಗಿ ಅವರ ಒಂದು ಗೇಣು ನನ್ನ ಗೇಣಿಗಿಂತ ಮೂರು ಬೆರಳು ಉದ್ದ. ನನ್ನ ಮಗಳು ಹುಟ್ಟಿದ ವಾರ ತೊಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಕೂಸನ್ನು ಅಳೆದು, "ಎರಡು ಗೇಣು ಉಂಟು ಟೀಚರೇ, ಸಾಕು" ಎಂದಿದ್ದರು. ಆಸ್ಪತ್ರೆಯವರು ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಮರೆತುಹೋಗಿದೆ, ಇದು ಮರೆತಿಲ್ಲ.

ಸುಂಟಿಕೊಪ್ಪದಲ್ಲಿ ನಮ್ಮ ಪಕ್ಕದ ಮನೆ ಅವರದು. ಕಾಡು ಕಾಯುವ ವಾಚರ್ ಆಗಿದ್ದು ನಿವೃತ್ತರಾಗಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದವರು. ನನಗೂ ನಮ್ಮ ಮನೆಯವರಿಗೂ ವಾಚರಣ್ಣ, ಮಗಳಿಗೆ ವಾಚರಜ್ಜ. ನಾನು ಪ್ರಾಥಮಿಕ ಶಾಲೆಯ ಟೀಚರು, ನಮ್ಮ ಮನೆಯವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ವಾರವಿಡೀ ಮಕ್ಕಳ ಗಲಾಟೆ, ಕಾಫಿ ಪಿಕ್ಕಿಂಗಿನ ಗಲಾಟೆ. ಭಾನುವಾರ ಬಂದರೆ ನಮ್ಮನ್ನು ಮನೆಯಿಂದ ಹೊರಡಿಸುವ ಕೆಲಸ ಅವರದು.

ಮಗಳಿಗೆ ಕಿವಿ ಚುಚ್ಚಿಸಿದೆವು, ಶಾಲೆಗೆ ಸೇರಿಸಿದೆವು, ಸೈಕಲ್ ಕಲಿಸಿದೆವು. ಒಂದೊಂದಕ್ಕೂ ಅವರ ಕಡೆಯಿಂದ ಒಂದೇ ಉಡುಗೊರೆ, ಆ ಭಾನುವಾರ ಒಂದು ತಿರುಗಾಟ. ಯಾವುದಾದರೂ ಗುಡ್ಡ, ಇಲ್ಲವೇ ಹಾರಂಗಿ ಹಿನ್ನೀರಿಗೆ ಸೇರುವ ಯಾವುದಾದರೂ ಹೊಳೆ. ನಮ್ಮ ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಅವರ ಮಡಿಲೇ ಮಗಳ ಖಾಯಂ ಜಾಗ.

ನೀರಿನ ಹತ್ತಿರ ಅವರದೊಂದು ಕಟ್ಟುನಿಟ್ಟು ಇತ್ತು. ಕಾಫಿ ಗಿಡದ ಕೋಲೊಂದನ್ನು ಜೊತೆಗೆ ತರುತ್ತಿದ್ದರು. ಹೊಳೆಗೆ ಯಾರೂ ಕಾಲಿಡುವ ಮೊದಲು, ನೀರಿನಂಚಿನಿಂದ ಒಂದು ಗೇಣು ಈಚೆ ಅಳೆದು ಮರಳಲ್ಲಿ ಅದನ್ನು ನೆಡುತ್ತಿದ್ದರು. ನೀರು ಬಂದು ಕೋಲು ಮುಟ್ಟಿತೋ, ಊಟ ಅರ್ಧವಾಗಿದ್ದರೂ ಏಳಬೇಕು. "ಇಲ್ಲಿ ಬಿಸಿಲು ಉಂಟು ಅಂತ ಮೇಲೆ ಗುಡ್ಡದಲ್ಲಿ ಮಳೆ ಇಲ್ಲ ಅಂತ ಅಲ್ಲ" ಎನ್ನುವರು. ನನ್ನ ಬಾಯಿ ಕೇಳಬೇಕೇ? ಕೋಲಿಗೆ ಸಂಬಳ ಎಷ್ಟು ವಾಚರಣ್ಣ, ಪೆನ್ಷನ್ ಉಂಟೋ ಎಂದು ಪ್ರತಿಸಲ ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು.

ಮಗಳಿಗೆ ಏಳು ತುಂಬಿದ ವರ್ಷ, ಮೇ ತಿಂಗಳಲ್ಲಿ, ಅವಳ ಮುಂದಿನ ಹಲ್ಲು ಬಿತ್ತು. ಹಲ್ಲನ್ನು ಮಾಡಿನ ಮೇಲೆ ಎಸೆದ ಕೂಡಲೇ ಬೇಲಿಯ ಬಳಿ ಓಡಿ ಅಜ್ಜನಿಗೆ ಬಾಯಿ ತೆರೆದು ತೋರಿಸಿದಳು. ಭಾನುವಾರ ಹೊಳೆಗೆ ಹೋದೆವು. ಹೊಳೆಯಲ್ಲಿ ಮಂಡಿ ಮುಟ್ಟದಷ್ಟು ನೀರು, ನಡುವೆ ಚಪ್ಪಟೆ ಬಂಡೆ. ನಮ್ಮ ಮನೆಯವರು ಮಗಳನ್ನು ಬಂಡೆಯ ಮೇಲೆ ಕೂರಿಸಿಕೊಂಡು ಅವಳ ಬೊಚ್ಚು ಬಾಯಿಯ ಫೋಟೋ ತೆಗೆಯುತ್ತಿದ್ದರು. ವಾಚರಣ್ಣ ಕೋಲು ನೆಟ್ಟು, ದಡದ ಮೇಲೆ ಮರದಡಿಯಲ್ಲಿ ಮೂರು ಕಲ್ಲು ಹೂಡಿ ಚಹಾಕ್ಕೆ ಇಟ್ಟಿದ್ದರು. ನಾನು ನೀರಿನಂಚಲ್ಲಿ ಸುಮ್ಮನೆ ಕೂತಿದ್ದೆ.

ಮಗಳ ಒಂದು ಚಪ್ಪಲಿ ಬಂಡೆಯಿಂದ ಜಾರಿ ನೀರಿಗೆ ಬಿತ್ತು. ತೇಲಿಕೊಂಡು ನನ್ನ ಕಡೆಗೇ ಬಂದು, ಕೈಗೆ ಸಿಗದಷ್ಟು ದೂರದಲ್ಲಿ ಎರಡು ಕಲ್ಲುಗಳ ನಡುವೆ ನಿಂತಿತು. ಪಕ್ಕದಲ್ಲೇ ಕೋಲು ಇತ್ತು, ಕಿತ್ತೆ. ಕೀಳುವಾಗ ಅದರ ಬುಡದ ಸುತ್ತ ನೀರಿತ್ತು. ಕಣ್ಣಾರೆ ಕಂಡೆ. ಕಂಡೂ ನನಗೆ ಹೊಳೆದದ್ದು ಏನು ಗೊತ್ತೇ? ಇವತ್ತು ಮುದುಕಪ್ಪ ಸರಿಯಾಗಿ ಅಳೆದಿಲ್ಲ ಎಂದು! ಚಪ್ಪಲಿ ಎಳೆದುಕೊಂಡು, ಮೇಲೆತ್ತಿ ಮಗಳಿಗೆ ತೋರಿಸಿದೆ. ಅವಳು ಚಪ್ಪಾಳೆ ತಟ್ಟಿದಳು. ಆಮೇಲೆ ನೀರಿನಂಚಿನಿಂದ ನನ್ನದೇ ಒಂದು ಗೇಣು ಅಳೆದು, ಒಣ ಮರಳಲ್ಲಿ ಕೋಲನ್ನು ಅಚ್ಚುಕಟ್ಟಾಗಿ ನೆಟ್ಟು ಕೈ ಕೊಡವಿಕೊಂಡೆ. ಆ ಕೈಯನ್ನು ಈಗಲೂ ಒಮ್ಮೊಮ್ಮೆ ನೋಡಿಕೊಳ್ಳುತ್ತೇನೆ.

ಅವರು ಚಹಾದ ಪಾತ್ರೆ ಹಿಡಿದು ಇಳಿದು ಬಂದರು. ಕೋಲು ನೋಡಿ ನಿಂತರು. ಪಾತ್ರೆ ಕೆಳಗಿಟ್ಟು, ಕೂತು, ಕೈ ಬಿಡಿಸಿ ಅಳೆದರು. ಕಿರುಬೆರಳು ಕೋಲಿನ ಬುಡಕ್ಕಿತ್ತು, ಆ ಸೊಟ್ಟ ಹೆಬ್ಬೆರಳು ನೀರೊಳಗೆ ಹೋಯಿತು.

"ಟೀಚರೇ, ಇದನ್ನು ಕಿತ್ತಿರಾ?"

ಹೂಂ ಎಂದೆ.

"ಬುಡದಲ್ಲಿ ನೀರಿತ್ತಾ?"

ಹೌದೆಂದು ತಲೆಯಾಡಿಸಿದೆ. ಆಗಲೇ ನೋಡಿದ್ದು ನಾನು, ಹೊಳೆಯ ಬಣ್ಣ ಕದಡಿತ್ತು. ಚಪ್ಪಲಿ ಸಿಕ್ಕಿಕೊಂಡಿದ್ದ ಕಲ್ಲುಗಳು ಕಾಣುತ್ತಿರಲಿಲ್ಲ.

ಅವರು ಕೂಗಲಿಲ್ಲ. ಕೂಗಿದರೆ ಮಗು ಹೆದರಿ ಎದ್ದು ಓಡಬಹುದೆಂದು ಅವರಿಗೆ ಗೊತ್ತಿತ್ತು. ದಿನವೂ ಮಾತಾಡುವ ದನಿಯಲ್ಲೇ, ಮಗುವನ್ನು ಎತ್ತಿಕೊಂಡು ಎದ್ದು ನಿಲ್ಲಿ ಸಾರ್, ನಾನು ಬರುವ ತನಕ ಕದಲಬೇಡಿ ಎಂದು ನಮ್ಮ ಮನೆಯವರಿಗೆ ಹೇಳಿ, ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಹೋಗುವಾಗ ನೀರು ತೊಡೆಯವರೆಗೆ ಇತ್ತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ವಾಪಸ್ಸು ಬರುವಾಗ ಸೊಂಟ ಮುಳುಗಿತ್ತು. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಕಾಲಲ್ಲಿ ತಡವಿ ಇನ್ನೊಂದು ಹೆಜ್ಜೆ. ದಡದಲ್ಲಿ ನಿಂತ ನನಗೆ ದೇವರ ಹೆಸರೂ ನೆನಪಿಗೆ ಬರಲಿಲ್ಲ. ಅವರ ಹಿಂದೆ ಬರುತ್ತಿದ್ದ ನಮ್ಮ ಮನೆಯವರು ದಡ ಇನ್ನೇನು ನಾಲ್ಕು ಹೆಜ್ಜೆ ಎನ್ನುವಾಗ ಕಾಲು ಜಾರಿ ನೀರಲ್ಲಿ ಕೊಚ್ಚಿಕೊಂಡು ಹೋದರು.

ವಾಚರಣ್ಣ ಮಗಳನ್ನು ನನ್ನ ತೋಳಿಗೆ ಹಾಕಿ, ಆ ಕೋಲನ್ನೇ ಕಿತ್ತುಕೊಂಡು ದಡದುದ್ದಕ್ಕೂ ಓಡಿದರು. ಸ್ವಲ್ಪ ಕೆಳಗೆ ಇವರು ಮರದ ಬೇರೊಂದನ್ನು ಹಿಡಿದು ಜೋತಾಡುತ್ತಿದ್ದರು. ಕೋಲು ಚಾಚಿ, ಹಿಡಿಸಿ, ಎಳೆದು ಹಾಕಿದರು. ತಿರುಗಿ ನೋಡಿದರೆ ಬಂಡೆ ಇದ್ದ ಜಾಗದಲ್ಲಿ ಬರೀ ಕೆಂಪು ನೀರು.

ನಮ್ಮ ಮನೆಯವರ ಮಂಡಿ ಒಡೆದು ರಕ್ತ ಸುರಿಯುತ್ತಿತ್ತು. ಜನ್ಮದಲ್ಲಿ ಯಾರ ಜೊತೆಗೂ ಏರು ದನಿಯಲ್ಲಿ ಮಾತಾಡದ ಮನುಷ್ಯ ಅವತ್ತು ಬಾಯಿಗೆ ಬಂದಂತೆ ಬೈದರು. ನಿಮ್ಮನ್ನು ನಂಬಿ ಮಗುವನ್ನು ನೀರಿಗಿಳಿಸಿದೆನಲ್ಲ, ಎಂಥ ಕೋಲು ನೆಟ್ಟಿರಿ ಎಂದರು.

"ತಪ್ಪು ನನ್ನದೇ ಸಾರ್. ನೆಟ್ಟವನು ನಾನು, ಕಣ್ಣಿಡಬೇಕಿತ್ತು" ಎಂದರು ವಾಚರಣ್ಣ.

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ಮುಚ್ಚಿದೆ. ಶಾಲೆಯಲ್ಲಿ ಸುಳ್ಳು ಹೇಳುವ ಮಕ್ಕಳ ಕಿವಿ ಹಿಂಡುವ ಟೀಚರಮ್ಮ!

ಅವತ್ತಿಗೆ ಅವರ ಭಾನುವಾರಗಳು ಮುಗಿದವು. ಇನ್ನು ಮಗುವನ್ನು ಅವರ ಜೊತೆ ಎಲ್ಲಿಗೂ ಕಳಿಸಕೂಡದು ಎಂದು ಮನೆಯಲ್ಲಿ ತೀರ್ಮಾನವಾಯಿತು. ನಾಳೆ ಹೇಳುವ, ಇವರ ಮಂಡಿ ವಾಸಿಯಾಗಲಿ, ಸಿಟ್ಟು ಇಳಿಯಲಿ ಎಂದುಕೊಳ್ಳುತ್ತಾ ಒಂಬತ್ತು ವರ್ಷ ಕಳೆದೆ. ಅವರು ಒಂದು ದಿನವೂ ಮುಖ ತಿರುಗಿಸಲಿಲ್ಲ. ಶನಿವಾರ ಸಂಜೆ ಹೊಸ ಕೋಲೊಂದನ್ನು ಕಡಿದು, ಸಿಪ್ಪೆ ಕೆರೆದು, ನಮ್ಮ ಗೇಟಿಗೆ ಒರಗಿಸಿ ಹೋಗುತ್ತಿದ್ದರು. ಇವರ ಕಣ್ಣಿಗೆ ಬಿದ್ದರೆ ಅದು ಸೌದೆ ರಾಶಿಗೆ ಹೋಗುತ್ತಿತ್ತು. ನನ್ನ ಕಣ್ಣಿಗೆ ಬಿದ್ದರೆ ಕಾರಿನ ಡಿಕ್ಕಿಗೆ. ಭಾನುವಾರ ಬೆಳಿಗ್ಗೆ ನಾವು ಮೂವರೇ ಹೊರಡುವಾಗ ಅವರು ಬೇಲಿಯ ಆಚೆ ನಿಂತು ಮಗಳಿಗೆ ಕೈ ಬೀಸುತ್ತಿದ್ದರು. ಅದನ್ನು ನೋಡಲಾಗದೆ ನಾನು ಚೀಲದಲ್ಲಿ ಏನೋ ಹುಡುಕುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಗಂಜಿ ತೆಗೆದುಕೊಂಡು ಹೋಗಿದ್ದ ದಿನ, ಈಗಲಾದರೂ ಇವರಿಗೆ ಹೇಳಿಬಿಡುತ್ತೇನೆ ವಾಚರಣ್ಣ ಎಂದೆ. ಅವರು ಮಾತು ಬದಲಿಸಿ, ಮಗಳ ಹತ್ತನೇ ತರಗತಿ ಫಲಿತಾಂಶಕ್ಕೆ ಎಲ್ಲಿಗೆ ಕರೆದುಕೊಂಡು ಹೋದಿರಿ ಎಂದು ಕೇಳಿದರು. ಎಲ್ಲಿಗೂ ಇಲ್ಲ ಎಂದೆ. "ಅದು ಆಗುವುದಿಲ್ಲ ಟೀಚರೇ, ಕರ್ಕೊಂಡು ಹೋಗಿ" ಎಂದರು. ನಾಲ್ಕನೇ ದಿನ ತೀರಿಕೊಂಡರು.

ಮಣ್ಣು ಮಾಡಿ ಬಂದು ಸ್ನಾನ ಮುಗಿಸಿ ಮೂವರೂ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅಲ್ಲಿ ಹೇಳಿದೆ. ಚಪ್ಪಲಿ, ಕೋಲು, ಬುಡದ ನೀರು, ಎಲ್ಲ. ಅಳು ತಡೆಯಲಾಗಲಿಲ್ಲ. ನಮ್ಮ ಮನೆಯವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮಾತಾಡಿದ್ದು ಮಗಳು.

"ನಂಗೆ ಗೊತ್ತಿತ್ತಮ್ಮ. ನೀನು ಕೋಲು ಕಿತ್ತಿದ್ದು ಬಂಡೆ ಮೇಲಿಂದ ನೋಡಿದ್ದೆ. ಅವತ್ತು ಕಾರಲ್ಲಿ ಅಜ್ಜನ ಕಿವೀಲಿ ಹೇಳಿದೆ. ಯಾರಿಗೂ ಹೇಳ್ಬೇಡ ಅಂದ್ರು. ‘ನಿನ್ನ ಅಪ್ಪ ಸಿಟ್ಟು ಮಾಡಿದ್ರೆ ನಂಗೆ ಹೋಗ್ಲಿಕ್ಕೆ ನನ್ನ ಮನೆ ಉಂಟು, ನಿನ್ನ ಅಮ್ಮನಿಗೆ ಇರೋದು ಅಪ್ಪನ ಮನೆ ಒಂದೇ ಅಲ್ವಾ’ ಅಂದ್ರು."

ಏಳು ವರ್ಷದ ಮಗು, ಹದಿನಾರು ತುಂಬುವ ತನಕ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತು. ನಮ್ಮ ಮನೆಯವರು ಊಟ ಬಿಟ್ಟು ಎದ್ದು ಹೋಗಿ, ಬೇಲಿಯ ಹತ್ತಿರ ತುಂಬಾ ಹೊತ್ತು ನಿಂತಿದ್ದರು.

ಆ ಶನಿವಾರ ಸಂಜೆ ಶಾಲೆ ಮುಗಿಸಿ ಬಂದಾಗ ಗೇಟಿಗೆ ಒಂದು ಕೋಲು ಒರಗಿತ್ತು. ಹೊಸದಾಗಿ ಕಡಿದದ್ದು. ಸಿಪ್ಪೆಯನ್ನು ಅಲ್ಲಲ್ಲಿ ಕೆರೆದು ಅಲ್ಲಲ್ಲಿ ಬಿಟ್ಟಿತ್ತು. ನಮ್ಮ ಮನೆಯವರಿಗೆ ಕತ್ತಿ ಹಿಡಿದು ಅಭ್ಯಾಸವಿಲ್ಲ.