ವಾಪಸ್ ಬಂದ ತಟ್ಟೆ

ಬರ್ನಡೀನ್‌ಗೆ ಅಡುಗೆ ಬರುವುದಿಲ್ಲ ಎಂದರೆ ಆ ಊರಿನವರು ಬಿದ್ದು ಬಿದ್ದು ನಗುತ್ತಾರೆ. ಹರೆಯದಿಂದ ಹಿಡಿದು ಮೊಣಕಾಲು ಸವೆಯುವ ತನಕ ಅವಳು ಊಟದ ತಟ್ಟೆ ಹೊತ್ತವಳು. ಅಮೆರಿಕದ ಮೊನಾಂಗಹೀಲಾ ನದಿಯ ದಂಡೆಯಲ್ಲಿ, ಉಕ್ಕಿನ ಕಾರ್ಖಾನೆಯ ಗೇಟಿಗೆ ಎದುರಾಗಿದ್ದ ಸಣ್ಣ ಹೋಟೆಲು, ಮಾಲಿಕ ಥಾನಾಸಿಯ ಡೈನರ್‌ನಲ್ಲಿ, ಒಂದೇ ತೋಳಿನ ಮೇಲೆ ಸಾಲಾಗಿ ತಟ್ಟೆ ಜೋಡಿಸಿಕೊಂಡು, ಪಾಳಿ ಮುಗಿಸಿ ಬಂದ ಗಂಡಸರ ಕೀಟಲೆಗೆ ಬಾಯಿತುಂಬ ಉತ್ತರ ಕೊಡುತ್ತ ಆಯುಷ್ಯ ಕಳೆದವಳು. ಆದರೆ ಒಲೆ ಅವಳದಲ್ಲ, ಗಂಡ ಎಮಿಲ್ ಹ್ರಿವ್ನಾಕನದು. ಡೈನರ್‌ನಲ್ಲೂ ಅವನದೇ, ಮನೆಯಲ್ಲೂ ಅವನದೇ. ಮದುವೆಯಾದ ಹೊಸತರಲ್ಲಿ ಮೊಟ್ಟೆ ಹುರಿಯಲು ಹೋಗಿ ಅವಳು ಬಾಣಲೆಯನ್ನೇ ಸುಟ್ಟಾಗ, "ನೀನು ಆರ್ಡರ್ ಕೂಗು, ನಾನು ಮಾಡ್ತೀನಿ" ಎಂದು ಅವನು ಕೈಯಿಂದ ಸಟ್ಟುಗ ಕಿತ್ತುಕೊಂಡಿದ್ದ. ಅಂದಿನಿಂದ ಅವಳು ಕೂಗಿದಳು, ಅವನು ಮಾಡಿದ. ಅವರ ಸಂಸಾರದ ಕಥೆ ಹೆಚ್ಚುಕಡಿಮೆ ಇಷ್ಟೇ.

ಕಾರ್ಖಾನೆ ಮುಚ್ಚಿತು, ಡೈನರ್ ಮುಚ್ಚಿತು, ಥಾನಾಸಿ ಮಣ್ಣು ಸೇರಿದ. ಆಮೇಲೆ ಎಮಿಲನ ತಲೆಯೊಳಗಿನ ದೀಪಗಳೂ ಒಂದೊಂದಾಗಿ ಆರತೊಡಗಿದವು. ಮೊದಲು ಬೀದಿಯ ಹೆಸರು ಮರೆತ. ನಂತರ ಮಗಳ ಹೆಸರು. ಈ ಚಳಿಗಾಲ ಬರುವ ಹೊತ್ತಿಗೆ ಹೆಂಡತಿಯ ಮುಖವೂ ಹೋಯಿತು. "ಮನೆಗೆ ಹೋಗ್ಬೇಕು" ಎಂದು ಸಂಜೆಯಾದರೆ ಹಟ ಹಿಡಿಯುತ್ತಿದ್ದ, ತನ್ನದೇ ಮನೆಯಲ್ಲಿ ಕೂತುಕೊಂಡು. ಒಂದು ಸಲ ಬರಿಯ ಕಾಲುಚೀಲದಲ್ಲಿ ನದಿಯ ರಸ್ತೆಯವರೆಗೂ ನಡೆದುಬಿಟ್ಟಿದ್ದ. ಆ ಮೇಲೆ ಬರ್ನಡೀನ್ ಬಾಗಿಲಿಗೆ ಎತ್ತರದಲ್ಲೊಂದು ಚಿಲಕ ಹಾಕಿಸಿದಳು. ಅಷ್ಟನ್ನೂ ಅವಳು ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಅವನು ಊಟ ಬಿಟ್ಟದ್ದು. ಚರ್ಚಿನ ಹೆಂಗಸರು ತಂದುಕೊಟ್ಟ ಎಲೆಕೋಸಿನ ಸುರುಳಿ, ಕೋಳಿ ಸಾರು, ಹಿಸುಕಿದ ಆಲೂಗಡ್ಡೆ, ಏನಿಟ್ಟರೂ ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳುತ್ತಿದ್ದ.

ನದಿಯಾಚೆ ಇರುವ ಮಗಳು ಪೌಲಾ ಬಂದು ಅಪ್ಪನ ಸೊಂಟ ನೋಡಿ ಹೌಹಾರಿದಳು.

"ಅಮ್ಮಾ, ಬೆಲ್ಟ್ ಬಿಗಿದ್ರೂ ಪ್ಯಾಂಟು ನಿಲ್ತಿಲ್ಲ. ಕಣ್ಣು ಕಾಣಲ್ವಾ ನಿಂಗೆ?"

"ನಾಲ್ಕು ತುತ್ತು ತಿಂದ್ರೆ ಸರಿಹೋಗ್ತಾನೆ ಬಿಡೇ."

"ಆ ನಾಲ್ಕು ತುತ್ತು ಹೋಗ್ತಿಲ್ವಲ್ಲ! ನೋಡು, ಗುಡ್ಡದ ಆಚೆ ಆರೈಕೆ ಮನೇಲಿ ಜಾಗ ಹಿಡಿದಿಟ್ಟಿದೀನಿ. ಭಾನುವಾರ ಮಧ್ಯಾಹ್ನ ಬರ್ತೀನಿ. ಅಪ್ಪ ನನ್ನ ಕಣ್ಣೆದುರಿಗೆ ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ರೆ ನಾನು ಬಾಯಿ ಮುಚ್ಕೊಂಡು ವಾಪಸ್ ಹೋಗ್ತೀನಿ. ಇಲ್ಲಾಂದ್ರೆ ಕರ್ಕೊಂಡು ಹೋಗ್ತೀನಿ. ಆಮೇಲೆ ನನ್ನ ಮೇಲೆ ಎಗರಾಡ್ಬೇಡ."

"ಎಗರಾಡ್ದೆ ಬಿಟ್ಟೇನಾ" ಎಂದಳು ಬರ್ನಡೀನ್. ಆದರೆ ದನಿಯಲ್ಲಿ ಕಸುವಿರಲಿಲ್ಲ. ಒಳಗೆ ಬರುವ ಮೊದಲು ಮಗಳು ಕಾರಿನಲ್ಲಿ ಕೂತು ಅಳುತ್ತಿದ್ದುದನ್ನು ಅವಳು ಕಿಟಕಿಯಿಂದ ನೋಡಿದ್ದಳು.

ಭಾನುವಾರ ಬೆಳಿಗ್ಗೆ ಎದ್ದವಳು ಚರ್ಚಿಗೂ ಹೋಗಲಿಲ್ಲ, ಕಾಫಿಯನ್ನೂ ಕುಡಿಯಲಿಲ್ಲ. ಎಮಿಲನನ್ನು ಅಡುಗೆಮನೆಯ ಮೇಜಿಗೆ ಕೂರಿಸಿ, ಅವನ ಹಳೆಯ ಕಬ್ಬಿಣದ ಬಾಣಲೆಯನ್ನು ಒಲೆಯ ಮೇಲಿಟ್ಟಳು. ಇವತ್ತು ಮೆಲ್ಟ್ ಮಾಡುತ್ತೇನೆ ಎಂದು ಹಟ ತೊಟ್ಟಿದ್ದಳು. ಥಾನಾಸಿಯ ಡೈನರ್‌ಗೆ ಜನ ಬರುತ್ತಿದ್ದುದೇ ಎಮಿಲನ ಕೈಯ ಮೆಲ್ಟ್‌ಗಾಗಿ: ರೈ ಬ್ರೆಡ್ಡಿನ ನಡುವೆ ದನದ ಕೈಮಾದ ಬಿಲ್ಲೆ, ಹುರಿದ ಈರುಳ್ಳಿ, ಕರಗಿದ ಸ್ವಿಸ್ ಚೀಸು. ಅವಳು ಒಮ್ಮೆಯೂ ಮಾಡಿದವಳಲ್ಲ. ಆದರೆ ತಟ್ಟೆ ಕೊಡುವ ಕಿಂಡಿಯಿಂದ ಅವನ ಕೈಗಳನ್ನು ಅಷ್ಟು ವರ್ಷ ನೋಡಿದ್ದಳಲ್ಲ, ಆ ನೋಟವನ್ನೇ ನಂಬಿ ಕೈ ಹಾಕಿದಳು.

ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಬೆಣ್ಣೆಗೆ ಹಾಕಿ ಉರಿ ತಗ್ಗಿಸಿದಳು. ಅವಸರ ಮಾಡಿದರೆ ಸೀಯುತ್ತದೆ, ಸಿಹಿಯಾಗುವುದಿಲ್ಲ ಎಂದು ಅವನು ಹೊಸ ಹುಡುಗರಿಗೆ ಬೈಯುತ್ತಿದ್ದ. ಅದು ಕಂದು ಬಣ್ಣಕ್ಕೆ ಇಳಿದು ಮನೆಯೆಲ್ಲ ಘಮ್ಮೆನ್ನುವ ತನಕ ಕಾದಳು. ಕೈಮಾವನ್ನು ಹೆಚ್ಚು ನಾದದೆ, ಬ್ರೆಡ್ಡಿಗಿಂತ ಒಂದು ಬೆರಳು ಅಗಲವಾಗಿ ತಟ್ಟಿದಳು. ಬೆಂದಾಗ ಅದು ಮುದುಡಿಕೊಂಡು ಬ್ರೆಡ್ಡಿನಷ್ಟೇ ಆಗುತ್ತದೆ. ಚುರ್ ಎಂದು ಬಾಣಲೆ ಸದ್ದು ಮಾಡಿದಾಗ ಎಮಿಲ್ ತಲೆಯೆತ್ತಿದ. ಬ್ರೆಡ್ಡಿಗೆ ಬೆಣ್ಣೆ ಸವರಿ, ಕೆಳಗೊಂದು ಚೀಸು ಮೇಲೊಂದು ಚೀಸು ಇಟ್ಟಳು, ನಡುವಿನದು ಜಾರದೆ ಅಂಟಿಕೊಳ್ಳಲೆಂದು. ಮೇಲೆ ಭಾರಕ್ಕೆ ಅವನ ಇಸ್ತ್ರಿಯಂಥ ಕಬ್ಬಿಣದ ತುಂಡನ್ನಿಟ್ಟು, ಎರಡೂ ಕಡೆ ಹೊಂಬಣ್ಣ ಬರಿಸಿ, ಓರೆಯಾಗಿ ಕತ್ತರಿಸಿದಳು. ಚೀಸು ಎಳೆಎಳೆಯಾಗಿ ಇಳಿಯಿತು. ಪಕ್ಕದಲ್ಲಿ ಉಪ್ಪಿನ ಸೌತೆಕಾಯಿ ಇಟ್ಟಳು. ಥಾನಾಸಿ ಎದ್ದು ಬಂದು ನೋಡಿದ್ದರೂ ಬೆರಳಿಟ್ಟು ತೋರಿಸುವಂಥ ತಪ್ಪು ಅದರಲ್ಲಿರಲಿಲ್ಲ.

ಪೌಲಾ ಒಳಗೆ ಬಂದದ್ದೂ ಅದೇ ಹೊತ್ತಿಗೆ. ಕೋಟು ಬಿಚ್ಚದೆ, ಕಾರಿನ ಕೀಲಿ ಹಿಡಿದುಕೊಂಡೇ ಬಾಗಿಲ ಬಳಿ ನಿಂತಳು.

"ತಗೋ ಎಮಿಲ್, ಬಿಸಿ ಇದೆ" ಎಂದು ಬರ್ನಡೀನ್ ತಟ್ಟೆಯನ್ನು ಮುಂದಿಟ್ಟಳು.

ಎಮಿಲ್ ಸ್ಯಾಂಡ್‌ವಿಚ್ಚನ್ನು ಬಗ್ಗಿ ನೋಡಿದ. ಬೆರಳಿನಿಂದ ಅಂಚು ಒತ್ತಿದ. ತೃಪ್ತಿಯಿಂದ ತಲೆದೂಗಿದ. ಆಮೇಲೆ ಅಂಗಿಯ ತೋಳಿನಿಂದ ತಟ್ಟೆಯ ಅಂಚನ್ನು ಒರೆಸಿ, ಅದನ್ನು ಮೇಜಿನ ತುದಿಗೆ ತಳ್ಳಿ, ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದ.

"ಆರ್ಡರ್ ರೆಡಿ! ಎಲ್ಲಿ ಸತ್ರು ಎಲ್ಲಾ? ಆರಿಹೋಗ್ತಿದೆ ತಗೊಂಡು ಹೋಗ್ರೇ!"

ಎಷ್ಟೋ ತಿಂಗಳ ಮೇಲೆ ಅವನ ಗಂಟಲಿನಿಂದ ಅಂಥ ದನಿ ಬಂದಿತ್ತು. ಬರ್ನಡೀನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇದು ನಿಂಗೇ ಕಣೋ."

"ನಂಗಾ? ತಲೆ ಕೆಟ್ಟಿದ್ಯಾ? ಗಿರಾಕಿ ತಟ್ಟೆಗೆ ಕೈ ಹಾಕಿದ್ರೆ ಥಾನಾಸಿ ನನ್ನ ಚರ್ಮ ಸುಲೀತಾನೆ."

ಪೌಲಾ ಕಣ್ಣು ಮುಚ್ಚಿಕೊಂಡಳು. ಬರ್ನಡೀನ್ ಮಾತ್ರ ಹಣೆ ಹಣೆ ಚಚ್ಚಿಕೊಳ್ಳಬೇಕೆನ್ನುವಂತೆ ನಿಂತಳು. ಇಷ್ಟು ದಿನ ತಾನು ಇಟ್ಟ ತಟ್ಟೆಗಳನ್ನೆಲ್ಲ ಅವನು ಏಕೆ ಆಚೆ ತಳ್ಳಿದನೆಂದು ಈಗ ಹೊಳೆಯಿತು. ಥಾನಾಸಿಯ ಡೈನರ್‌ನಲ್ಲಿ ಒಳ್ಳೆಯ ತಟ್ಟೆ ಗಿರಾಕಿಯದು. ಕೆಲಸದವರು ತಿನ್ನುವುದು ಕೆಟ್ಟದ್ದನ್ನು, ಇಲ್ಲವೆ ಗಿರಾಕಿ ಬೇಡವೆಂದು ವಾಪಸ್ ಕಳಿಸಿದ್ದನ್ನು. ಯಾರೂ ವಾಪಸ್ ಕಳಿಸದ ದಿನ ಎಮಿಲ್ ಉಪವಾಸ. ಒಲೆಯ ಮುಂದೆ ಬೆವರಿ ಊರಿಗೆಲ್ಲ ಉಣಿಸಿದವನು ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ಬರ್ನಡೀನ್‌ಗೆ ಅದನ್ನು ನೋಡಿ ಸಹಿಸಲಾಗಿರಲಿಲ್ಲ. ಆಗಲೇ ಅವಳು ತಪ್ಪು ಕೂಗಲು ಶುರುಮಾಡಿದ್ದು. ಗಿರಾಕಿ ಈರುಳ್ಳಿ ಬೇಡ ಎಂದರೆ ಇವಳು ಕಿಂಡಿಯಲ್ಲಿ ತಲೆ ತೂರಿ, "ಒಂದು ಮೆಲ್ಟ್, ಈರುಳ್ಳಿ ಜಾಸ್ತಿ!" ಎನ್ನುತ್ತಿದ್ದಳು. ತಟ್ಟೆ ವಾಪಸ್ ಬರುತ್ತಿತ್ತು. "ಕತ್ತೆಗೂ ನಿನಗಿಂತ ಬುದ್ಧಿ ಇದೆ" ಎಂದು ಥಾನಾಸಿ ಎಲ್ಲರ ಮುಂದೆ ಮಂಗಳಾರತಿ ಎತ್ತುತ್ತಿದ್ದ. ಅವಳು ತಲೆ ತಗ್ಗಿಸಿ ಬೈಸಿಕೊಂಡು, ಓರೆಗಣ್ಣಿನಲ್ಲಿ ಎಮಿಲ್ ತಿನ್ನುವುದನ್ನು ನೋಡುತ್ತಿದ್ದಳು. ಮದುವೆಯಾದ ಮೇಲೂ ಅದನ್ನು ಅವನಿಗೆ ಹೇಳಿರಲಿಲ್ಲ. ಅವನ ಮೂಗಿನ ತುದಿಯ ಸಿಟ್ಟು, ಅವನ ಅಭಿಮಾನ, ಎರಡೂ ಅವಳಿಗೆ ಗೊತ್ತಿತ್ತು.

ಈಗ ಅವಳು ತಟ್ಟೆಯನ್ನೆತ್ತಿ ತೋಳಿನ ಮೇಲೆ ಇಟ್ಟುಕೊಂಡಳು. ಸೊಂಟ ನೇರ ಮಾಡಿಕೊಂಡು ಹಜಾರಕ್ಕೆ ಹೋದಳು. ಅಲ್ಲಿ ಒಂದು ಗಳಿಗೆ ನಿಂತಿದ್ದು, ದಡದಡನೆ ಬಂದು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ವಾಪಸ್ ಬಂತು. ಈರುಳ್ಳಿ ಬೇಡ ಅಂದಿದ್ನಂತೆ."

"ನೀನು ಹೇಳ್ಲೇ ಇಲ್ವಲ್ಲೇ!"

"ಹೇಳ್ದೆ. ಕಿವಿಗೆ ಎಣ್ಣೆ ಬಿಟ್ಕೋ ಹೋಗು."

"ಬಾಯಿಗೇನೂ ಕಮ್ಮಿ ಇಲ್ಲ" ಎಂದು ಗೊಣಗುತ್ತ ಎಮಿಲ್ ಎದ್ದು ನಿಂತ. ಆಚೆ ಈಚೆ ನೋಡಿದ. ಗೋಡೆಗೆ ಬೆನ್ನು ಕೊಟ್ಟು, ಸ್ಯಾಂಡ್‌ವಿಚ್ಚಿನ ಅರ್ಧವನ್ನೆತ್ತಿ ಬಾಯಿಗಿಟ್ಟ. ಕಚ್ಚಿದ. ಅಗಿದ. ನುಂಗಿದ. ಗಲ್ಲದ ಮೇಲೆ ತುಪ್ಪದಂತೆ ಜಿಡ್ಡು ಇಳಿಯಿತು. ಪೌಲಾ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು.

"ಅಮ್ಮಾ, ನೀನೇ ಗೆದ್ದೆ" ಎಂದಳು ಪಿಸುದನಿಯಲ್ಲಿ. "ನಾನು ಹೊರಡ್ತೀನಿ. ಅಪ್ಪ ಇಲ್ಲೇ ಇರ್ಲಿ."

ಬರ್ನಡೀನ್‌ಗೆ ಹೋದ ಜೀವ ಬಂದಂತಾಯಿತು. ನಾಳೆಯೂ ಹೀಗೇ, ನಾಡಿದ್ದೂ ಹೀಗೇ, ದಿನಕ್ಕೊಂದು ತಪ್ಪು ಕೂಗಿ ಸಾಯುವ ತನಕ ಅವನನ್ನು ಸಾಕುತ್ತೇನೆ ಎಂದುಕೊಂಡಳು.

ಎಮಿಲ್ ಆ ಅರ್ಧದ ಕೊನೆಯ ತುತ್ತು ನುಂಗಿ, ಗುಟ್ಟು ಹೇಳುವವನಂತೆ ಅವಳತ್ತ ಬಾಗಿದ. "ನಿನ್ನ ಹಾಗೇ ಒಬ್ಳಿದ್ಲು ಇಲ್ಲಿ. ಬರ್ನಿ ಅಂತ. ಬೇಕಂತ್ಲೇ ತಪ್ಪು ಕೂಗ್ತಿದ್ಲು, ನನ್ನ ಹೊಟ್ಟೆ ತುಂಬ್ಲಿ ಅಂತ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಲು, ಪೆದ್ದಿ."

ಬರ್ನಡೀನ್ ಮೇಜಿನ ಅಂಚು ಹಿಡಿದುಕೊಂಡಳು. "ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ ಏನು? ದಿನಾ ಯಾರಾದ್ರೂ ತಪ್ಪು ಕೂಗ್ತಾರಾ?"

"ಮತ್ತೆ ಅವಳಿಗೆ ಹೇಳ್ಲಿಲ್ವಾ?"

"ಹೇಳಿದ್ರೆ ಕೂಗೋದು ನಿಲ್ಲಿಸ್ತಿದ್ಲು" ಎಂದು ಎಮಿಲ್ ನಕ್ಕ. "ಅವಳನ್ನೇ ಕಟ್ಕೊಂಡೆ. ಮನೇಲಿದಾಳೆ ಈಗ."

ಅವನು ಉಳಿದ ಅರ್ಧವನ್ನು ಮೇಣದ ಕಾಗದದಲ್ಲಿ, ಮೂಲೆ ಮಡಚಿ ನೀಟಾಗಿ ಸುತ್ತಿದ. "ಇದು ಅವಳಿಗೆ. ಪಾಪ, ಅಡುಗೆ ಬರಲ್ಲ. ನಾನು ಹೋಗೋ ತನಕ ಹಸ್ಕೊಂಡು ಕೂತಿರ್ತಾಳೆ." ಆಮೇಲೆ ಯಾರೂ ಹೇಳದೆಯೇ ಸಟ್ಟುಗ ತೆಗೆದುಕೊಂಡು ಬಾಣಲೆಯನ್ನು ಗರಗರ ಕೆರೆದ, ಒಲೆ ಒರೆಸಿದ, ಬಟ್ಟೆಯನ್ನು ಮೊಳೆಗೆ ನೇತುಹಾಕಿದ. ಕೋಟು ಹಾಕಿಕೊಂಡು, ಪೊಟ್ಟಣವನ್ನು ಎದೆಗೊತ್ತಿಕೊಂಡು, ಬಾಗಿಲಿಗೆ ನಡೆದ.

ಪೌಲಾಳ ಕೈಯ ಕೀಲಿ ಅವನ ಕಣ್ಣಿಗೆ ಬಿತ್ತು. "ತಂಗೀ, ಕಾರಿದ್ಯಾ ನಿನ್ಹತ್ರ? ನನ್ನನ್ನ ಮನೆ ಹತ್ರ ಬಿಡ್ತೀಯಾ? ಕಾಲು ಬಿದ್ದುಹೋಗಿದೆ."

"ಎಮಿಲ್, ಇದೇ ನಿನ್ನ ಮನೆ" ಎಂದಳು ಬರ್ನಡೀನ್. "ನಾನೇ ಬರ್ನಿ. ನೋಡು ನನ್ನ."

ಅವನು ನೋಡಿದ. ಒಳ್ಳೆಯ ಮನಸ್ಸಿನಿಂದಲೇ ನೋಡಿದ. "ಪಾಳಿ ಮುಗೀತಲ್ಲಮ್ಮ, ತಮಾಷೆ ಸಾಕು. ಅವಳು ಕಾಯ್ತಿರ್ತಾಳೆ." ಎತ್ತರದ ಚಿಲಕ ಗಮನಕ್ಕೆ ಬಾರದೆ ಬಾಗಿಲನ್ನು ಜಗ್ಗಿದ. ಮತ್ತೆ ಜಗ್ಗಿದ. ಅವನ ಮುಖ ಮಗುವಿನಂತೆ ಸೊಟ್ಟಗಾಯಿತು. "ಬಿಡ್ರಮ್ಮ ನನ್ನನ್ನ. ಕೈ ಮುಗೀತೀನಿ. ಅವಳು ಇನ್ನೂ ಊಟ ಮಾಡಿಲ್ಲ."

ಪೌಲಾ ತಾಯಿಯ ಮುಖ ನೋಡಿದಳು. ಈಗ ಎಲ್ಲವೂ ಬರ್ನಡೀನಳ ಕೈಯಲ್ಲಿತ್ತು. ಒಂದೇ ಒಂದು ಕೂಗು ಸಾಕಿತ್ತು. "ಇನ್ನೊಂದು ಮೆಲ್ಟ್!" ಎಂದಿದ್ದರೆ ಎಮಿಲ್ ಬೈದುಕೊಂಡಾದರೂ ಒಲೆಗೆ ತಿರುಗುತ್ತಿದ್ದ, ಇದು ಅವಳಿಗೆ ಖಂಡಿತ ಗೊತ್ತಿತ್ತು. ಕೂಗು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಣಲೆ ಕೆರೆದಾಗಿತ್ತು. ಅಡುಗೆಯವನು ಕಾವಲಿ ಕೆರೆದು ಬಟ್ಟೆಯನ್ನು ಮೊಳೆಗೆ ಹಾಕಿದ ಮೇಲೆ ಎಂಥ ದೊಡ್ಡ ಮನುಷ್ಯ ಬಂದು ಕೂತರೂ ಇನ್ನೊಂದು ಆರ್ಡರ್ ಕೂಗುವಂತಿಲ್ಲ. ಹಾಗೆ ಕೂಗಿದ ಹುಡುಗಿಯೊಬ್ಬಳ ಜೊತೆ ಬರ್ನಡೀನ್ ವರ್ಷವಿಡೀ ಮಾತು ಬಿಟ್ಟಿದ್ದಳು. ದಣಿದು ಮನೆಗೆ ಹೊರಟವನನ್ನು ತಡೆಯುವುದಕ್ಕಿಂತ ನೀಚ ಕೆಲಸ ಇನ್ನೊಂದಿಲ್ಲ ಎಂದು ಅವಳೇ ಬೈದಿದ್ದಳು. ಇವತ್ತು ಅವನನ್ನು ತಡೆದರೆ, ಉಣ್ಣಿಸಿದ ದಿನವೆಲ್ಲ ಸಂಜೆ ಅವನು ಹೀಗೇ ಬಾಗಿಲು ಜಗ್ಗುತ್ತ ಅಳಬೇಕು. ಹೊಟ್ಟೆ ತುಂಬಿಸಲು ಈ ಮನೆಯನ್ನು ಡೈನರ್ ಮಾಡಿದವಳು ತಾನೇ. ಇನ್ನು ಇದು ಅವನ ಮನೆಯಾಗುವುದು ಹೇಗೆ?

ಅವಳು ತುದಿಗಾಲಲ್ಲಿ ನಿಂತು ಚಿಲಕ ತೆಗೆದಳು.

"ಕರ್ಕೊಂಡು ಹೋಗು ಪೌಲಾ. ಹೀಟರ್ ಹಾಕು. ಕಾಲಿಗೆ ಥಂಡಿ ಆಗತ್ತೆ ಅವನಿಗೆ."

"ಅಮ್ಮಾ..."

"ಹೋಗೇ, ನಾನು ಮನಸ್ಸು ಬದಲಾಯಿಸೋ ಮುಂಚೆ ಹೋಗು."

ಎಮಿಲ್ ಮೆಟ್ಟಿಲಿಳಿದು ನಿಂತು ತಿರುಗಿದ. "ನಾಳೆ ಬೆಳಿಗ್ಗೆ ಪಾಳಿಗೆ ನೀನೇ ಇರ್ತೀಯಾ?"

"ನಾನೇ ಇರ್ತೀನಿ."

"ಹಾಗಿದ್ರೆ ಸರಿಯಾಗಿ ಕೂಗು, ಆಯ್ತಾ?"

"ಕೂಗ್ತೀನಿ. ಈಗ ಹೋಗು. ಅವಳು ಕಾಯ್ತಿರ್ತಾಳೆ."

ಕಾರು ಗುಡ್ಡದಾಚೆಯ ಆರೈಕೆ ಮನೆಯ ದಾರಿ ಹಿಡಿದು ಮೆಲ್ಲಗೆ ಹೊರಟಿತು. ಎಮಿಲ್ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ, ಪೊಟ್ಟಣ ಆರದಿರಲೆಂದು ಎರಡೂ ಕೈಯಲ್ಲಿ ಮುಚ್ಚಿಕೊಂಡು. ಬರ್ನಡೀನ್ ಬಾಗಿಲಲ್ಲಿ ನಿಂತು ಅದು ಮರೆಯಾಗುವ ತನಕ ನೋಡಿದಳು. ಆಮೇಲೆ ಒಳಗೆ ಬಂದು, ತಣ್ಣಗಾದ ಒಲೆಯ ಪಕ್ಕ, ಅವನು ಕೂತಿದ್ದ ಕುರ್ಚಿಯಲ್ಲೇ ಕೂತಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.