ಭವಾನಿಯ ಬರ್ಫದ ಎತ್ತು

ಭವಾನಿ ನನ್ನ ವಾರಗಿತ್ತಿ, ಮೈದುನ ಮೌನಪ್ಪನ ಹೆಂಡತಿ. ಮೆಹದಿಪಟ್ಟಣಂನ ನಮ್ಮ ಗಲ್ಲಿಯಲ್ಲಿ ಇಬ್ಬರಿಗೂ ಸೇರಿ ಒಂದೇ ಹಿತ್ತಲು. ಹಿತ್ತಲಿಗೆ ಎರಡು ಬಾಗಿಲು, ಒಂದು ನನ್ನದು, ಎದುರಿನದು ಅವಳದು. ಮೂವತ್ತೆಂಟು ವರ್ಷದಿಂದ ಅವಳ ಮನೆಯಲ್ಲಿ ನಕ್ಕರೆ ನನ್ನ ಅಡುಗೆಮನೆಯಲ್ಲಿ ಕೇಳುತ್ತದೆ. ಕೇಳದೆ ಇದ್ದಿದ್ದರೆ ನನಗೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಹುಮನಾಬಾದ್ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನೆಂಟು. ಕಪ್ಪು ಹುಡುಗಿ, ಬಾಯಿ ತುಂಬ ಹಲ್ಲು. ಹಿರಿಸೊಸೆ ನಾನು, ಮೂರು ವರ್ಷದ ಮಗ ಸುಮಂತ ನನ್ನ ಸೊಂಟದ ಮೇಲೆ. ಅವಳಿಗೆ ಕೆಲಸ ಕಲಿಸಬೇಕು ಎಂದುಕೊಂಡಿದ್ದೆ. ಎರಡೇ ವಾರದಲ್ಲಿ ತರಕಾರಿಯವನಿಂದ ಹಿಡಿದು ನಮ್ಮ ಅತ್ತೆಯವರೆಗೆ ಎಲ್ಲರೂ ಅವಳನ್ನೇ ಕೂಗುತ್ತಿದ್ದರು. ತೆಲುಗು ಬಾರದು, ಹಿಂದಿ ಬಾರದು, ಆದರೂ ಎಲ್ಲರ ಜೊತೆ ಮಾತು. ನಾನು ನಾಲ್ಕನೇ ಇಯತ್ತೆ ಓದಿದವಳು, ಅವಳು ಅಷ್ಟೂ ಇಲ್ಲ. ಅವಳು ಬಡಿದ ಜೋಳದ ರೊಟ್ಟಿ ಹೋಳಿಗೆಯ ಹಾಗೆ ಮೆತ್ತಗೆ. ಈಗಲೂ ಕರ್ನಾಟಕದಿಂದ ಬಂದು ರೂಮು ಮಾಡಿಕೊಂಡಿರುವ ಐಟಿ ಹುಡುಗರಿಗೆ ದಿನಾ ರೊಟ್ಟಿ ಬಡಿದು ಕಳಿಸುತ್ತಾಳೆ. ಆ ಹುಡುಗರೂ ಅವಳನ್ನು ಅವ್ವ ಎನ್ನುತ್ತಾರೆ.

ಅವಳಿಗೆ ಮಕ್ಕಳಾಗಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಒಂದು ಸಲ ಸುಮಂತ ಊಟಕ್ಕೆ ನನ್ನ ಬಳಿ ಬಾರದೆ ಅವಳ ತಟ್ಟೆಯಲ್ಲಿ ಉಂಡಾಗ, "ನಿನಗೊಂದು ಕೂಸಿದ್ದರ ಗೊತ್ತಾಗ್ತಿತ್ತು" ಎಂದುಬಿಟ್ಟೆ. ಅವಳು ಹುಡುಗನ ಕೈ ತೊಳೆದು ನನ್ನ ಬಾಗಿಲಿಗೆ ಕಳಿಸಿದಳು. ಆಮೇಲೆ ಎಂಟು ದಿನ ಹಿತ್ತಲಲ್ಲಿ ನಗು ಕೇಳಲಿಲ್ಲ. ಆ ಎಂಟು ದಿನವೂ ನನಗೆ ನಿದ್ದೆ ಬರಲಿಲ್ಲ.

ಮೌನಪ್ಪ ಬರ್ಫದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಂಜುಗಡ್ಡೆಗೆ ನಮ್ಮ ಮನೆಯಲ್ಲಿ ಬರ್ಫ ಎಂದೇ ಹೇಳುವುದು. ಚಳಿ ಮುಗಿದು ಬೇಸಿಗೆಯ ವ್ಯಾಪಾರ ಶುರುವಾಗುವ ಮುಂಚೆ, ಶಿವರಾತ್ರಿಯ ಆಚೀಚೆ, ಅಲ್ಲಿ ತೊಟ್ಟಿಗಳನ್ನು ಖಾಲಿ ಮಾಡಿ ತೊಳೆಯುತ್ತಾರೆ. ಆಗ ಸೀಳು ಬಿಟ್ಟ ದಿಮ್ಮಿಗಳನ್ನು ಕೆಲಸದವರು ಒಯ್ಯಬಹುದು. ಸುಮಂತನಿಗೆ ಐದು ವರ್ಷವಿದ್ದಾಗ ಮೌನಪ್ಪ ಮೊದಲ ಸಲ ಎರಡು ದಿಮ್ಮಿಗಳನ್ನು ಗೋಣಿಚೀಲ ಸುತ್ತಿ, ಭತ್ತದ ಹೊಟ್ಟು ತುಂಬಿ, ಆಟೋದಲ್ಲಿ ತಂದ. ಭವಾನಿ ಅದನ್ನು ಚೀಲದೊಳಗೇ ಒನಕೆಯಿಂದ ಕುಟ್ಟಿ ಪುಡಿ ಮಾಡಿದಳು. ಬೆಳ್ಳಗೆ, ಹಿಟ್ಟಿನ ಹಾಗೆ. ಗಲ್ಲಿಯ ಮಕ್ಕಳೆಲ್ಲ ಬಂದು ಸುತ್ತಿಕೊಂಡರು.

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಹಸಿಮಣ್ಣಿನಿಂದ ಜೋಡೆತ್ತು ಮಾಡುತ್ತೇವಲ್ಲ, ಹಾಗೆ ಅವಳು ಆ ಬರ್ಫದ ಪುಡಿ ಹಿಸುಕಿ ಎರಡು ಎತ್ತು ಮಾಡಿದಳು. ಕುರಿಮರಿಯಷ್ಟು ಎತ್ತರ. ಕೊಂಬಿಗೆ ಕ್ಯಾರೆಟ್, ಕಣ್ಣಿಗೆ ಹುಣಸೆಬೀಜ. ನನ್ನ ಯಜಮಾನರು ವೀರಭದ್ರಪ್ಪ, ಡ್ಯೂಟಿ ಮುಗಿಸಿ ಬಂದವರು, ಪ್ಯಾಂಟು ಮಡಚಿ ಅಲ್ಲೇ ಕೂತು ಹಣೆಪಟ್ಟಿ ಕಟ್ಟಿದರು. ನನ್ನ ಮಣ್ಣೆತ್ತಿನ ಮುಂದೆ ಅವರು ಒಂದು ದಿನವೂ ಹಾಗೆ ಕೂತವರಲ್ಲ. ಅಂದಿನಿಂದ ಪ್ರತಿವರ್ಷ ಬರ್ಫದ ಎತ್ತು. ನಾನು ಪ್ರತಿವರ್ಷ ಬಾಗಿಲಲ್ಲಿ ನಿಂತು, "ನೆಗಡಿ ಆಗ್ತದ" ಎನ್ನುತ್ತಿದ್ದೆ.

ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಮೌನಪ್ಪ ಕೆಲಸ ಬಿಟ್ಟರೂ ಕಾರ್ಖಾನೆಯವರು ಅವನಿಗೆ ದಿಮ್ಮಿ ಕೊಡುವುದನ್ನು ಬಿಟ್ಟಿಲ್ಲ. ಈಗ ಸುಮಂತನ ಮಗಳು ತನ್ವಿಗೆ ಎಂಟು. ನನಗೆ ಆಯಿ ಎನ್ನುತ್ತಾಳೆ, ಭವಾನಿಗೆ ಸಣ್ಣಾಯಿ. ಶಾಲೆಯಿಂದ ಬಂದವಳು ಚೀಲ ನನ್ನ ಮಂಚದ ಮೇಲೆ ಎಸೆಯುತ್ತಾಳೆ, ಕೂರುವುದು ಆ ಬಾಗಿಲಲ್ಲಿ. ಮಗ ಅವಳ ಕಡೆ ವಾಲಿದ್ದನ್ನು ಹಲ್ಲು ಕಚ್ಚಿ ತಡೆದುಕೊಂಡೆ, ಮೊಮ್ಮಗಳನ್ನು ಬಿಡುವುದಿಲ್ಲ ಎಂದು ಈ ವರ್ಷ ಗಟ್ಟಿಮಾಡಿದೆ.

ಭಾನುವಾರ ಬೆಳಿಗ್ಗೆ ದಿಮ್ಮಿ ಬಂದವು. ಸೆರಗು ಸಿಕ್ಕಿಸಿ ಹಿತ್ತಲಿಗಿಳಿದೆ.

"ಈ ಸಲ ಒಂದು ಎತ್ತು ನಾ ಮಾಡ್ತೀನಿ. ತನ್ವಿ ನನ್ನ ಜೋಡಿ ಕೂಡ್ತಾಳ" ಎಂದೆ.

ಮೌನಪ್ಪ ಕೆಮ್ಮಿದ. ಅತ್ತಿಗೆಯಾದ ನನ್ನನ್ನು ಅವನು ವೈನಿ ಎನ್ನುತ್ತಾನೆ. "ಮೂವತ್ತಾರು ವರ್ಷದ ಮ್ಯಾಲ ನಮ್ಮ ವೈನಿ ನೆಗಡಿ ಹೋತು ನೋಡು."

"ನೀ ಸುಮ್ಕಿರು" ಎಂದು ಭವಾನಿ ಗಂಡನನ್ನು ಗದರಿ, ದೊಡ್ಡ ಪಾಲಿನ ಚೀಲವನ್ನೇ ನನ್ನ ಕಡೆ ಎಳೆದಳು. "ಮಾಡ್ರಿ ಅಕ್ಕಾರ. ಜೋಡಿಯೊಳಗ ಒಂದು ನಿಮ್ಮದು, ಒಂದು ನಂದು."

ದೊಡ್ಡ ಪಾಲು ಕೊಟ್ಟದ್ದೂ ನನಗೆ ಉರಿಯಿತು. ಆದರೆ ತನ್ವಿ ನನ್ನ ಪಕ್ಕ ಕೂತಳು. ಅವಳ ಬೆರಳು ಕೆಂಪಗಾಗಿದ್ದವು, ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದಳು. "ಆಯಿ, ನಿನಗೂ ಬರ್ತದೇನು ಇದು? ಮತ್ತ ಇಷ್ಟು ದಿನ ಯಾಕ ಮಾಡಲಿಲ್ಲ?" ಎಂದಳು. ನನ್ನ ಎತ್ತಿನ ಹೆಗಲ ಮೇಲಿನ ಇಣಿ ಭವಾನಿಯದಕ್ಕಿಂತ ದುಂಡಗೆ ಬಂತು. ಸುಮಂತ ಬಂದು ಮೊಬೈಲಿನಲ್ಲಿ ಫೋಟೋ ತೆಗೆದ, ಮೊದಲು ನನ್ನದನ್ನೇ. ಇನ್ನು ಇದು ಅವಳದಕ್ಕಿಂತ ಹೆಚ್ಚು ಹೊತ್ತು ನಿಂತರೆ ಸಾಕು ಎನಿಸಿತು.

ಕುಲ್ಫಿಯವನು ಗಡಿಗೆಯ ಬರ್ಫಕ್ಕೆ ಹಿಡಿ ಹಿಡಿ ಉಪ್ಪು ಸುರಿಯುವುದನ್ನು ಸಣ್ಣಂದಿನಿಂದ ನೋಡಿದವಳು ನಾನು. ಉಪ್ಪಿಲ್ಲದೆ ಕುಲ್ಫಿ ಗಟ್ಟಿಯಾಗುವುದಿಲ್ಲ. ಹಾಗಾದರೆ ಉಪ್ಪು ಬರ್ಫವನ್ನು ಹಿಡಿದಿಡುತ್ತದೆ ಎಂದು ನನ್ನ ಎಣಿಕೆ. ತನ್ವಿ ಕ್ಯಾರೆಟ್ ತರಲು ಹೋದಾಗ ಒಳಗಿನಿಂದ ಕಲ್ಲುಪ್ಪಿನ ಡಬ್ಬಿ ತಂದೆ.

ಭವಾನಿ ನೋಡಿದಳು. ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ, "ಅಕ್ಕಾರ, ಉಪ್ಪು ಹಾಕಬ್ಯಾಡ್ರಿ. ಕರಗ್ತದ" ಎಂದಳು.

"ಕುಲ್ಫಿಗೆ ಹಾಕ್ತಾರಲ್ಲ?"

"ಅದು ಬ್ಯಾರೆ ರೀ. ಒಳಗಿನ ಹಾಲು ಗಟ್ಟಿ ಆಗ್ತದ, ಹೊರಗಿನ ಬರ್ಫ ನೀರಾಗ್ತದ."

ನನ್ನದು ನಿಲ್ಲುವುದು ಇವಳಿಗೆ ಬೇಡ ಎಂದುಕೊಂಡೆ. ಎತ್ತಿನ ಬೆನ್ನಿಗೆ, ಕಾಲಿಗೆ, ಹೊಟ್ಟೆಯ ಕೆಳಗೆ, ಅವಳ ಮುಖ ನೋಡುತ್ತಲೇ ಉಪ್ಪು ಮೆತ್ತಿದೆ.

ತನ್ವಿ ಕ್ಯಾರೆಟ್ ಸಿಕ್ಕಿಸಿ ಗಲ್ಲಿಯ ಮಕ್ಕಳನ್ನು ಕರೆತರುವಷ್ಟರಲ್ಲಿ ಬೆನ್ನ ಮೇಲೆ ತೂತುಗಳು ಬಿದ್ದಿದ್ದವು. ಹಿಂದಿನ ಕಾಲು ಕುಸಿಯಿತು. ಎತ್ತು ಮುದುಕಿಯ ಹಾಗೆ ಕೂತುಕೊಂಡಿತು, ಆಮೇಲೆ ಒಂದು ಮಗ್ಗುಲಿಗೆ ಮಲಗಿತು. ಭವಾನಿಯದು ಎದುರಿಗೆ ನೆಟ್ಟಗೆ ನಿಂತೇ ಇತ್ತು. ತನ್ವಿಯ ತುಟಿ ನಡುಗಿತು.

"ನಮ್ಮದಷ್ಟೇ ಯಾಕ ಬಿತ್ತು?"

"ಆ ಕಡಿ ಬಿಸಲು ಬಿತ್ತು ತಂಗಿ" ಎಂದಳು ಭವಾನಿ. "ನಿಮ್ಮ ಆಯಿ ಚಂದನೇ ಮಾಡಿದ್ದಳು."

ಹಿತ್ತಲಿನಲ್ಲಿ ಬಿಸಿಲೇ ಇರಲಿಲ್ಲ. ಪಕ್ಕದಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟ್ ಎದ್ದ ಮೇಲೆ ಮಧ್ಯಾಹ್ನದವರೆಗೆ ಅಲ್ಲಿ ನೆರಳು. ಮಗು ಕಣ್ಣೊರೆಸಿಕೊಂಡು ಅವಳ ಮಾತು ನಂಬಿತು. ನಾನು ಬಿದ್ದದ್ದಕ್ಕಿಂತ ಅವಳು ನನ್ನನ್ನು ಎತ್ತಿದ್ದು ಹೆಚ್ಚು ಚುಚ್ಚಿತು. ಇಷ್ಟೂ ವರ್ಷ ಅವಳಲ್ಲಿ ಇಂಥ ಒಳ್ಳೆಯತನ ಎಷ್ಟಿದೆಯೋ ಎಂದು ನೋಡುತ್ತಾ ಬಂದವಳು ನಾನು. ಇವತ್ತು ಅವಳ ದಾನ ತಿಂದು ಸುಮ್ಮನಿರಲು ಆಗಲಿಲ್ಲ.

"ಬಿಸಲಲ್ಲವ್ವ" ಎಂದೆ. "ಉಪ್ಪು. ನಾ ಹಾಕೀನಿ. ಸಣ್ಣಾಯಿ ಬ್ಯಾಡ ಅಂದಳು."

"ಮತ್ತ ಯಾಕ ಹಾಕಿದಿ?"

"ಆಕೀದಕ್ಕಿಂತ ನಂದು ಹೆಚ್ಚು ಹೊತ್ತು ನಿಲ್ಲಲಿ ಅಂತ."

ಸುಮಂತ ಫೋನು ಕೆಳಗಿಳಿಸಿದ. ಮೌನಪ್ಪ ಅತ್ತ ತಿರುಗಿದ. ಭವಾನಿ ನೆಲ ನೋಡುತ್ತಿದ್ದಳು. ತನ್ವಿ ಮಾತ್ರ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ಹಂಗ ಮಾಡಿದರ ಆಟದಾಗ ಔಟ್ ಅಂತಾರ, ಆಯಿ" ಎಂದಳು. ಆಮೇಲೆ ಚೀಲದಲ್ಲಿ ಉಳಿದಿದ್ದ ಬರ್ಫವನ್ನು ಇಬ್ಬರ ನಡುವೆ ಸುರಿದಳು. "ಒಂಟಿ ಎತ್ತು ಇಡಬಾರದಂತ ನೀನೇ ಹೇಳೀದಿ. ಸಣ್ಣದೊಂದು ಮಾಡೂಣು. ಸಣ್ಣಾಯಿ ಮಾರಿ ಮಾಡಲಿ. ನೀ ಹಿಂದಿನ ಕಾಲು ಮಾಡು."

ಮುಖ ಅವಳಿಗೆ, ಹಿಂದಿನ ಕಾಲು ನನಗೆ. ಕೂತೆ. ತನ್ವಿ ನಡುವೆ ಕೂತಳು, ಆದರೆ ಸರಿಯಾಗಿ ನಡುವೆ ಅಲ್ಲ. ಅವಳ ಮೊಣಕಾಲು ಭವಾನಿಯ ತೊಡೆಗೆ ತಾಗಿತ್ತು, ನನ್ನ ಕಡೆ ಒಂದು ಗೇಣು ಖಾಲಿ ಇತ್ತು. ಬರ್ಫ ಹಿಸುಕಿ ಕೈ ಮರಗಟ್ಟಿತು. ಕಾಲು ಮಾಡುತ್ತಾ ನಾನು ಆ ಗೇಣನ್ನೇ ನೋಡುತ್ತಿದ್ದೆ. ಯಾರೂ ನೋಡದಾಗ, ಕೂತಲ್ಲೇ ಸ್ವಲ್ಪ ಸ್ವಲ್ಪ ಸರಿದೆ.