ದೀಪ ಹತ್ತಿದರೆ ಅದು ದೇವೀರಪ್ಪ ಅಲ್ಲ

ಬೆಳಗಿನ ಐದೂಮುಕ್ಕಾಲು. ಕೂಲಿಕಾರರ ಸಾಲುಮನೆಗಳ ಲೈನಿನ ಮುಂದಿರುವ ಕಂಬದ ಕೆಂಪು ದೀಪ ಹತ್ತಿಲ್ಲ. ಅದರ ಕೆಳಗೆ ತಲೆಗೆ ಮಫ್ಲರ್ ಸುತ್ತಿಕೊಂಡು ದೇವೀರಪ್ಪ ನಿಂತಿದ್ದಾರೆ. ಕಾಫಿ ಹಣ್ಣು ಕೊಯ್ಯಲು ಹೊರಟ ಹೆಂಗಸರು ಮೊದಲು ದೀಪ ನೋಡುತ್ತಾರೆ, ಆಮೇಲೆ ಅವರನ್ನು. ಎರಡನ್ನೂ ನೋಡದೆ ಯಾರೂ ತೋಟದ ದಾರಿಗೆ ಇಳಿಯುವುದಿಲ್ಲ.

"ಏನಣ್ಣೋ, ಕಂಬದ ಜೊತೆಗೆ ನಿನ್ನೂ ಸೇರ್ಸಿ ಸಿಮೆಂಟ್ ಹಾಕ್ಬುಟ್ರಾ?" ಎಂದು ಲಿಂಗಮ್ಮ ಕೆಣಕುತ್ತಾರೆ.

"ಹಾಕ್ಲಿ ಬುಡು, ಚಳಿನಾದ್ರೂ ತಡೀತದೆ. ನೀ ನಡಿ ಮೊದ್ಲು."

ಆಲೂರು ತಾಲ್ಲೂಕು ಕೆ. ಹೊಸಕೋಟೆ ಕಡೆಯ ಈ ಎಸ್ಟೇಟಿನಲ್ಲಿ ಐವತ್ನಾಲ್ಕರ ದೇವೀರಪ್ಪ ಮೊದಲು ಸ್ಪ್ರಿಂಕ್ಲರ್ ಪೈಪು ಜೋಡಿಸುತ್ತಿದ್ದರು. ಎರಡು ವರ್ಷದಿಂದ ಅವರ ಕೆಲಸ ಚಾಪೆ ತುಳಿಯುವುದು. ಆನೆ ದಾಟುವ ಹನ್ನೊಂದು ಕಡೆ ಎಂಜಿನಿಯರಿಂಗ್ ಕಾಲೇಜೊಂದರ ತಂಡ ಪ್ರಯೋಗಕ್ಕೆಂದು ತರಗೆಲೆಯಡಿ ರಬ್ಬರ್ ಚಾಪೆ ಹಾಸಿದೆ. ಆನೆ ಕಾಲಿಟ್ಟರೆ ಲೈನಿನ ದೀಪ ಹತ್ತುತ್ತದೆ. ಚಾಪೆಗೆ ಬ್ಯಾಟರಿ ಇಲ್ಲ. ತುಳಿತವೇ ಅದರ ಕರೆಂಟು.

ರಬ್ಬರಿನೊಳಗೆ ಎರಡು ಹಾಳೆಗಳಿವೆ. ಒಂದು ನೈಲಾನ್, ಇನ್ನೊಂದು ದೋಸೆ ಅಂಟದ ತವಾಕ್ಕೆ ಲೇಪಿಸುವ ಟೆಫ್ಲಾನ್. ಎರಡೂ ತಾಗಿದಾಗ ನೈಲಾನ್ ತನ್ನ ಒಂದಿಷ್ಟು ಎಲೆಕ್ಟ್ರಾನುಗಳನ್ನು ಟೆಫ್ಲಾನಿಗೆ ಬಿಟ್ಟುಕೊಡುತ್ತದೆ. ಕಾಲೆತ್ತಿದಾಗ ಹಾಳೆಗಳು ಬೇರೆಯಾಗಿ, ಅವುಗಳ ಬೆನ್ನಿಗಿರುವ ತಾಮ್ರದ ಪಟ್ಟಿಗಳ ನಡುವೆ ವಿದ್ಯುತ್ ಹರಿಯುತ್ತದೆ. ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಎನ್ನುವುದಕ್ಕೂ ಇದೇ ಕಾರಣ. ಸಿಗುವುದು ತೀರಾ ಅಲ್ಪ. ಆದರೆ ಒಂದು ರೇಡಿಯೊ ಸಂಕೇತ ಕಳಿಸಲು ಅಷ್ಟು ಸಾಕು. ದೀಪ ಉರಿಯುವುದು ಲೈನಿನ ಸೋಲಾರಿನಿಂದ.

ಒಳಗೆ ತೇವ ಹೊಕ್ಕರೆ ಈ ಚಾರ್ಜು ಸೋರಿಹೋಗುತ್ತದೆ. ಹಾಗಾಗಿ ದೇವೀರಪ್ಪ ದಿನವೂ ಪ್ರತಿ ಚಾಪೆಯನ್ನು ಒರೆಸಿ, ಇಲಿ ಕಡಿದಿದೆಯೇ ನೋಡಿ, ಹಿಮ್ಮಡಿಯಿಂದ ತುಳಿದು, ಲೈನಿನಲ್ಲಿರುವವರನ್ನು ಫೋನಿನಲ್ಲಿ "ಹತ್ತಿತಾ?" ಎಂದು ಕೇಳುತ್ತಾರೆ.

ಮೊದಲು ಈ ಸುತ್ತು ನಸುಕಿನಲ್ಲಿತ್ತು. ಎಡವಿದ್ದು ಅಲ್ಲೇ. ದಿನವೂ ದೀಪ ಹತ್ತುತ್ತಿತ್ತು, ದಿನವೂ ತುಳಿದವರು ದೇವೀರಪ್ಪನವರೇ. ಆನೆ ಬಂತೆಂದು ಎಚ್ಚರಿಸಬೇಕಾದ ದೀಪ, ದೇವೀರಪ್ಪ ಮುಂದೆ ಹೋಗಿದ್ದಾರೆ, ದಾರಿ ಸಲೀಸು ಎಂಬ ಸೂಚನೆಯಾಗಿಬಿಟ್ಟಿತು. ಅದು ಹತ್ತಿದ ಮೇಲೆಯೇ ಹೆಂಗಸರು ಪುಟ್ಟಿ ಎತ್ತುತ್ತಿದ್ದರು.

ಕಳೆದ ನವೆಂಬರಿನ ಒಂದು ಬೆಳಿಗ್ಗೆ ದೇವೀರಪ್ಪನವರ ಮನೆಯ ಹಸು ಕರು ಹಾಕುತ್ತಿತ್ತು. ತಡವಾಗಿ ಹೊರಟ ಅವರು ತೋಟದ ಗೇಟಿನ ಹತ್ತಿರ ಲಿಂಗಮ್ಮನವರ ಗುಂಪನ್ನು ಹಿಂದಿನಿಂದ ಬಂದು ಕೂಡಿಕೊಂಡರು.

"ಇದೇನಣ್ಣ, ಒಳಗಿರೋನು ಹಿಂದ್ಗಡೆಯಿಂದ ಬತ್ತಾ ಇದ್ದೀಯ?"

"ಯಾವ ಒಳ್ಗೆ? ಈಗಿನ್ನೂ ಮನೆಯಿಂದ ಬತ್ತಾ ಇವ್ನಿ ಕಣಮ್ಮಿ."

"ಹಂಗಾದ್ರೆ ದೀಪ ಹತ್ಸಿದ್ದು ಯಾರು?"

ಎಲ್ಲರೂ ಸದ್ದಿಲ್ಲದೆ ಲೈನಿಗೆ ವಾಪಸಾದರು. ಬೆಳಕು ಹರಿದ ಮೇಲೆ ನೋಡಿದರೆ, ಗೇಟಿನಿಂದ ನೂರು ಅಡಿ ಒಳಗೆ ಒಂದು ಹೆಣ್ಣಾನೆ ಮತ್ತು ಮರಿಯ ಹೆಜ್ಜೆಗಳಿದ್ದವು.

"ಚಾಪೆದು ತಪ್ಪಿಲ್ಲ ಕಣ್ರೀ, ಅದು ಸರಿಯಾಗೇ ಹೇಳ್ತು. ನಾನೇ ತುಳ್ದೂ ತುಳ್ದೂ ದೀಪಕ್ಕೆ ಬೆಲೆ ಇಲ್ದಂಗೆ ಮಾಡ್ಬುಟ್ಟಿದ್ದೆ," ಎನ್ನುತ್ತಾರೆ ದೇವೀರಪ್ಪ.

ಮರಿಯಾನೆಯ ಹೆಜ್ಜೆಯೂ ತಪ್ಪಬಾರದೆಂದು ಸಂಕೇತ ಹೊರಡಲು ಬೇಕಾದ ತುಳಿತದ ಮಿತಿಯನ್ನು ಕೆಳಗಿಟ್ಟಿದ್ದೇವೆ, ಹಾಗಾಗಿ ಮನುಷ್ಯ ತುಳಿದರೂ ಹತ್ತುತ್ತದೆ ಎಂದು ತಂಡದ ಸಂಶೋಧನಾ ವಿದ್ಯಾರ್ಥಿನಿ ಮಾನಸಾ ವಿವರಿಸುತ್ತಾರೆ. ಪರೀಕ್ಷೆಯ ಹೊತ್ತಿಗೆ ದೀಪ ಆರಿಸಲು ಸ್ವಿಚ್ ಹಾಕುವ ಮಾತೂ ಬಂತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಹೇಶ್ ಒಪ್ಪಲಿಲ್ಲ: "ಆರ್ಸಿ ಮರ್ತುಬುಟ್ರೆ ಯಾರು ಹೊಣೆ ಮಾರಾಯ್ರೇ?"

ಕೊನೆಗೆ ತುಳಿಯುವ ಕೆಲಸ ಮಧ್ಯಾಹ್ನಕ್ಕೆ ಹೋಯಿತು. ನಸುಕಿನಲ್ಲಿ ದೇವೀರಪ್ಪ ಕಂಬದ ಬುಡದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಬೇಕೆಂದು ತೀರ್ಮಾನವಾಯಿತು. "ನಾನು ಇಲ್ಲಿ ಕಾಣ್ತಾ ಇದ್ದು ದೀಪ ಹತ್ತಿದ್ರೆ ಅದು ನಾನಲ್ಲ. ಇನ್ನೇನು ಹೇಳ್ಬೇಕು?"

ಆದರೂ ಒಂದು ಅನುಮಾನ ಉಳಿದಿತ್ತು. ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕದ್ದು, ಕಾದಷ್ಟು ಹೊತ್ತು ಕೂಲಿ ಖೋತಾ. ಇಷ್ಟು ದಿನ ದಾರಿ ಸಲೀಸೆಂದು ಓದಿ ರೂಢಿಯಾದ ದೀಪವನ್ನು ಹೆಂಗಸರು ಈಗ ಆನೆಯ ಎಚ್ಚರಿಕೆಯೆಂದು ನಂಬುತ್ತಾರೆಯೇ?

ಈ ಜನವರಿಯ ಎರಡನೇ ವಾರ, ಆರಕ್ಕೆ ಹತ್ತು ನಿಮಿಷವಿರುವಾಗ ದೀಪ ಹತ್ತಿತು. ದೇವೀರಪ್ಪ ಎರಡೂ ಕೈ ಮೇಲೆತ್ತಿ, "ನಾನಿಲ್ಲೇ ಇವ್ನಿ, ನೋಡ್ಕಳಿ!" ಎಂದು ಕೂಗಿದರು. ಲಿಂಗಮ್ಮ ಪುಟ್ಟಿ ಕೆಳಗಿಟ್ಟು ಜಗಲಿಯ ಮೇಲೆ ಕೂತರು. ಉಳಿದವರೂ ಕೂತರು. ಏಳು ಗಂಟೆಗೆ ಮೂರು ಆನೆಗಳು ಪಂಪ್‌ಹೌಸಿನ ಹಿಂದಿನಿಂದ ಬಂದು ತೋಟದ ರಸ್ತೆ ದಾಟಿದವು. ಆ ದಿನ ಕೊಯ್ಲು ಒಂಬತ್ತಕ್ಕೆ ಶುರುವಾಯಿತು.